ಆಕಾಶದ ನೀರುಗಂಟಿ

ಕನ್ನಡ ನಾಡಿನ ಹಳ್ಳಿಗಳಲ್ಲಿ ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದನು. ಏರಿಯ ಮೇಲೆ ನಡೆದು ಎಲ್ಲಿಯಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ನೀರು ಎಷ್ಟು ಇಳಿಯಿತೆಂಬುದನ್ನು ಗಮನಿಸುವುದು, ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವನ ಕಾಯಕ. ಓದುಬರಹ ಬಾರದಿದ್ದರೂ ಕೆರೆಯ ವಿಷಯದಲ್ಲಿ ಅವನ ಮಾತೇ ಪ್ರಮಾಣವಾಗಿತ್ತು. ಏಕೆಂದರೆ ಅವನು ಒಂದು ದಿನ ನೋಡಿ ಹೇಳುತ್ತಿರಲಿಲ್ಲ. ಅನೇಕ ಮಳೆಗಾಲಗಳನ್ನೂ ಅನೇಕ ಬೇಸಗೆಗಳನ್ನೂ ನೋಡಿ ಹೇಳುತ್ತಿದ್ದನು.

ಆದರೆ ನೀರುಗಂಟಿಯ ನೆನಪಿಗೂ ಒಂದು ಮಿತಿಯುಂಟು. ಕೆರೆಯು ಒಂದೇ ವರ್ಷದಲ್ಲಿ ಅಳಿದುಹೋಗುವುದಿಲ್ಲ. ಈ ವರ್ಷ ಅದರ ಅಂಚಿನ ಹತ್ತು ಮಾರು ನೆಲ ಹೊಲವಾಗುತ್ತದೆ. ಕೆಲವು ವರ್ಷಗಳ ಮೇಲೆ ಇನ್ನು ಹತ್ತು ಮಾರು ಹೋಗುತ್ತದೆ. ಅಜ್ಜನು ಕಂಡ ಕೆರೆ ಮೊಮ್ಮಗನಿಗೆ ಬರಿಯ ಕತೆ. ತಾನು ಬಾಲ್ಯದಲ್ಲಿ ಈಜಿದ ನೀರೇ ಅವನಿಗೆ ಕೆರೆಯ ಪೂರ್ಣ ಅಳತೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಅಳತೆಗೋಲೇ ಕಿರಿದಾಗುತ್ತ ಹೋದರೆ, ನಷ್ಟವು ನಷ್ಟವೆಂದು ತೋರುವುದೇ ಇಲ್ಲ. ಮನುಷ್ಯನ ಈ ಮರೆವಿಗೆ ವಿಜ್ಞಾನವು ಒದಗಿಸಿರುವ ಮದ್ದು ಉಪಗ್ರಹದ ಚಿತ್ರ.

1972ನೆಯ ಇಸವಿಯ ಜುಲೈ 23ರಂದು ಅಮೆರಿಕವು ಭೂಸಂಪತ್ತಿನ ವೀಕ್ಷಣೆಗೆಂದು ಒಂದು ಉಪಗ್ರಹವನ್ನು ಹಾರಿಸಿತು. ಅದು ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾಯಿತು. ಒಂದು ಉಪಗ್ರಹ ಹಳತಾದಂತೆ ಮತ್ತೊಂದು ಅದರ ಸ್ಥಾನಕ್ಕೆ ಬರುತ್ತ, ಈ ಮಾಲೆಯ ಒಂಬತ್ತನೆಯ ಉಪಗ್ರಹವು 2021ರಲ್ಲಿ ಮೇಲೇರಿತು. ಈ ಉಪಗ್ರಹ 16 ದಿನಗಳಿಗೊಮ್ಮೆ ಒಂದೇ ಸ್ಥಳದ ಮೇಲೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಹಾದುಹೋಗುತ್ತದೆ. ಅರ್ಧ ಶತಮಾನಕ್ಕೂ ಮೀರಿದ ಇಂಥ ದಿನಚರಿ ಭೂಮಿಯ ನೀರಿಗೆ ಹಿಂದೆಂದೂ ಇರಲಿಲ್ಲ.

ಉಪಗ್ರಹವು ನೀರನ್ನು ಗುರುತಿಸುವ ಬಗೆ ಸರಳವಾದುದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೂ ಇವೆ. ನೀರು ಅವನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಹಸಿರೆಲೆಯಾದರೋ ಅವನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಆದುದರಿಂದ ಆ ಕಿರಣಗಳಿಂದ ಮೂಡಿದ ಚಿತ್ರದಲ್ಲಿ ನೀರು ಕಾಡಿಗೆಯಂತೆ ಕಪ್ಪಾಗಿಯೂ ಪೈರು ಬೆಳ್ಳಗೆ ಬೆಳಗುವಂತೆಯೂ ತೋರುತ್ತವೆ. ಇವೆರಡರ ನಡುವಣ ಗೆರೆಯೇ ಕೆರೆಯ ಅಂಚು. ವರ್ಷವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟರೆ, ಆ ಅಂಚು ಹಿಂದೆ ಸರಿದುದೂ ಮುಂದೆ ಬಂದುದೂ ಸ್ಪಷ್ಟವಾಗುತ್ತವೆ.

ಇಂಥ ಸಾಲು ಏನನ್ನು ಕಲಿಸಬಲ್ಲುದೆಂಬುದಕ್ಕೆ ಆಫ್ರಿಕದ ಚಾಡ್ ಸರೋವರವೇ ಉತ್ತಮ ನಿದರ್ಶನ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಚಾಡ್, ನೈಜರ್, ನೈಜೀರಿಯಾ, ಕ್ಯಾಮರೂನ್ ಎಂಬ ನಾಲ್ಕು ದೇಶಗಳು ಸೇರುವೆಡೆ ಈ ಸರೋವರವಿದೆ. ಇದರಿಂದ ಸಮುದ್ರಕ್ಕೆ ಹರಿಯುವ ನದಿಯೊಂದೂ ಇಲ್ಲ. ಆದರೂ ಇದರದು ಸಿಹಿನೀರು. ಇದರ ಬಹುಪಾಲು ನೀರನ್ನು ತರುವವು ದಕ್ಷಿಣದಿಂದ ಬರುವ ಷಾರಿ ಮತ್ತು ಲೋಗೋನ್ ನದಿಗಳು. ಸರೋವರ ವಿಶಾಲವಾದರೂ ಆಳ ಕೆಲವೇ ಮೀಟರು. ತಟ್ಟೆಯಲ್ಲಿಟ್ಟ ನೀರು ಕೊಂಚ ತಗ್ಗಿದರೂ ತಟ್ಟೆಯ ಬಹುಭಾಗ ಬರಿದಾಗುವಂತೆ, ನದಿಯ ನೀರು ಸ್ವಲ್ಪ ಕಡಮೆಯಾದರೂ ಸರೋವರದ ದಡ ಹತ್ತಾರು ಕಿಲೋಮೀಟರು ಹಿಂದೆ ಸರಿಯುತ್ತದೆ.

1963ರಲ್ಲಿ ಸುಮಾರು 25,000 ಚದರ ಕಿಲೋಮೀಟರು ಹರಡಿದ್ದ ಚಾಡ್ ಸರೋವರ, 1970ರ ಮತ್ತು 1980ರ ದಶಕಗಳ ಭೀಕರ ಅನಾವೃಷ್ಟಿಗೆ ಸಿಲುಕಿತು. ನಡುವಿನ ದಿಬ್ಬ ಮೇಲೆದ್ದು, ಸರೋವರವು ಉತ್ತರ ಮತ್ತು ದಕ್ಷಿಣವೆಂದು ಎರಡು ಹೋಳಾಯಿತು. 1980ರ ದಶಕದ ನಡುವಿನ ಚಿತ್ರಗಳಲ್ಲಿ ಉಳಿದಿರುವ ತೆರೆದ ನೀರು 2,000 ಚದರ ಕಿಲೋಮೀಟರಿಗೂ ಕಡಮೆ. ಇದೇ ಕಾಲದಲ್ಲಿ ನೈಜೀರಿಯಾ ದೇಶವು ಸರೋವರದ ನೀರನ್ನು ನಂಬಿ 67,000 ಹೆಕ್ಟೇರು ಭೂಮಿಗೆ ನೀರಾವರಿ ಒದಗಿಸುವ ಯೋಜನೆಯನ್ನು ಕೈಗೊಂಡಿತ್ತು. ಕಾಲುವೆಗಳು ಸಿದ್ಧವಾದವು, ಆದರೆ ನೀರೇ ಕಾಲುವೆಯ ಬಾಯಿಂದ ದೂರ ಸರಿದುಹೋಯಿತು. ತುಂಬಿದ ವರ್ಷಗಳ ಸರೋವರವನ್ನೇ ಶಾಶ್ವತವೆಂದು ಬಗೆದುದರ ಫಲವಿದು.

ಕತೆ ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ಶೋಕಗೀತೆಯಾಗುತ್ತಿತ್ತು. 1963ರ ಒಂದು ಚಿತ್ರವನ್ನೂ 1980ರ ದಶಕದ ಒಂದು ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಚಾಡ್ ಸರೋವರ ಮಾಯವಾಗುತ್ತಿದೆ ಎಂದು ಸಾರುವವರು ಇಂದಿಗೂ ಉಂಟು. ಆದರೆ ನಡುವಿನ ಮತ್ತು ಅನಂತರದ ಚಿತ್ರಗಳು ಬೇರೆಯೇ ಮಾತನ್ನು ಹೇಳುತ್ತವೆ. 1963ರ ಆಸುಪಾಸು ಸರೋವರವು ಇಪ್ಪತ್ತನೆಯ ಶತಮಾನದಲ್ಲಿಯೇ ಅತ್ಯಂತ ತುಂಬಿದ್ದ ಕಾಲ. 1980ರ ದಶಕವು ಅತ್ಯಂತ ಬತ್ತಿದ ಕಾಲ. 1990ರ ದಶಕದಿಂದ ಮಳೆ ಕೊಂಚ ಚೇತರಿಸಿಕೊಂಡಂತೆ ಸರೋವರವೂ ಚೇತರಿಸಿಕೊಂಡಿದೆ. ದಕ್ಷಿಣದ ಭಾಗದಲ್ಲಿ ನೀರು ನಿಂತಿದೆ. ಉತ್ತರದ ಭಾಗ ಒಂದು ವರ್ಷ ತುಂಬಿ ಮತ್ತೊಂದು ವರ್ಷ ಒಣಗುತ್ತದೆ. ಹಳೆಯ ವೈಭವ ಮರಳಿಲ್ಲವೆಂಬುದು ನಿಜ. ಆದರೆ ಸರೋವರ ಮಾಯವಾಗುತ್ತಿದೆ ಎಂಬುದು ನಿಜವಲ್ಲ.

ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಸಂಬಂಧಿಸಿದುದಲ್ಲ. ನೀರು ಹಿಂದೆ ಸರಿದಾಗ ಬೆಸ್ತನು ಬಲೆಯನ್ನು ಎತ್ತಿಕೊಂಡು ದೂರ ಹೋಗಬೇಕಾಗುತ್ತದೆ. ಅದೇ ಹಸಿ ನೆಲದಲ್ಲಿ ರೈತನು ಜೋಳ ಬಿತ್ತುತ್ತಾನೆ. ಸಾಯುತ್ತಿರುವ ಸರೋವರಕ್ಕೆ ದೂರದ ನದಿಯನ್ನು ತಿರುಗಿಸಿ ತರಬೇಕೆಂದು ಒಬ್ಬರು ಯೋಚಿಸಿದರೆ, ಏರಿಳಿಯುವ ಸರೋವರದೊಡನೆ ಬದುಕುವ ಬಗೆಯನ್ನು ಮತ್ತೊಬ್ಬರು ಯೋಚಿಸುತ್ತಾರೆ. ರೋಗವನ್ನು ತಪ್ಪಾಗಿ ಗುರುತಿಸಿದ ವೈದ್ಯನ ಔಷಧದಿಂದ ರೋಗಿಗೆ ಹಿತವಾಗದು. ಎರಡು ಚಿತ್ರಗಳು ಬೆದರಿಸಬಲ್ಲವು ಇಲ್ಲವೆ ಮೈಮರೆಸಬಲ್ಲವು. ತಿಳಿವಳಿಕೆ ನೀಡುವುದು ನೂರಾರು ಚಿತ್ರಗಳ ಅಖಂಡವಾದ ಸಾಲು ಮಾತ್ರ.

ಹಾಗೆಂದು ಜಗತ್ತಿನ ಸರೋವರಗಳೆಲ್ಲ ಕ್ಷೇಮವಾಗಿವೆ ಎಂದು ನೆಮ್ಮದಿ ತಾಳುವಂತಿಲ್ಲ. 1,972 ದೊಡ್ಡ ಸರೋವರ ಮತ್ತು ಜಲಾಶಯಗಳ 1992ರಿಂದ 2020ರವರೆಗಿನ ಉಪಗ್ರಹ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ 53ರಷ್ಟು ನೀರಿನ ಸಂಗ್ರಹವನ್ನು ಗಣನೀಯವಾಗಿ ಕಳೆದುಕೊಂಡಿವೆಯೆಂದು ಅದು ತೋರಿಸಿತು. ಏರುತ್ತಿರುವ ತಾಪ, ಮನುಷ್ಯನ ಮಿತಿಯಿಲ್ಲದ ಬಳಕೆ, ಜಲಾಶಯಗಳಲ್ಲಿ ತುಂಬುತ್ತಿರುವ ಹೂಳು ಇದಕ್ಕೆ ಮುಖ್ಯ ಕಾರಣಗಳು.

ದೊಡ್ಡ ಸರೋವರಗಳಿಗೆ ಸಲ್ಲುವ ಮಾತು ಕರ್ನಾಟಕದ ಕೆರೆಗಳಿಗೂ ಸಲ್ಲುತ್ತದೆ. ಭಾರತವು ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ದೇಶದ ಮೊದಲನೆಯ ದೂರಸಂವೇದಿ ಉಪಗ್ರಹಗಳ ಹಿಂದೆ ಉಡುಪಿ ಜಿಲ್ಲೆಯ ಯು. ಆರ್. ರಾವ್ ಅವರಂಥ ವಿಜ್ಞಾನಿಗಳ ದುಡಿಮೆಯಿದೆ, ಐ.ಆರ್.ಎಸ್-1ಎ ಎಂಬ ಉಪಗ್ರಹವು 1988ರ ಮಾರ್ಚ್ 17ರಂದು ಕಕ್ಷೆಯನ್ನು ಸೇರಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಆದರೂ ಇಲ್ಲಿನ ಕೆರೆಗಳ ವಿಷಯದಲ್ಲಿ ಚಿತ್ರವನ್ನೇ ಪೂರ್ಣವಾಗಿ ನೆಚ್ಚಿದರೆ ಮೋಸಹೋಗಬೇಕಾದೀತು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರು ಉದ್ದ, 30 ಮೀಟರು ಅಗಲ. ಒಂದು ಎಕರೆಯ ಕಟ್ಟೆ ಅದರಲ್ಲಿ ನಾಲ್ಕೈದು ಚುಕ್ಕಿಗಳಷ್ಟೆ. ಅಂತರಗಂಗೆ ಮುಚ್ಚಿದ ಕೆರೆ ಮೇಲಿನಿಂದ ಹಸಿರು ಗದ್ದೆಯಂತೆ ತೋರುತ್ತದೆ. ಹೂಳು ತುಂಬಿ ಅರ್ಧ ನೀರೂ ಹಿಡಿಯದ ಕೆರೆ, ಮಳೆಗಾಲದ ಚಿತ್ರದಲ್ಲಿ ತುಂಬಿದ ಕೆರೆಯಂತೆಯೇ ಕಪ್ಪಾಗಿ ಹೊಳೆಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆಯುಕ್ಕಿ, 2017ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಕೆರೆಯ ಅಂಚು ಇದ್ದಲ್ಲಿಯೇ ಇದ್ದರೂ ನೀರು ಕೆಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಉಪಗ್ರಹವಿರುವಾಗ ಊರಿನವರ ಅನುಭವವೇಕೆ ಎನ್ನುವವರ ಮಾತು ಎಷ್ಟು ಅಸಂಗತವೋ, ಊರಿನವರಿಗೆ ತಿಳಿಯದುದು ಉಪಗ್ರಹಕ್ಕೇನು ತಿಳಿದೀತು ಎನ್ನುವವರ ಮಾತೂ ಅಷ್ಟೇ ಅಸಂಗತ. ಒಂದಕ್ಕೆ ದೀರ್ಘವಾದ ನೆನಪಿದೆ. ಇನ್ನೊಂದಕ್ಕೆ ಹತ್ತಿರದ ಅರಿವಿದೆ. ಹಳ್ಳಿಯ ಕೆರೆಯ ಐವತ್ತು ವರ್ಷಗಳ ಚಿತ್ರಗಳು ಕಚೇರಿಯ ಕಪಾಟಿನಲ್ಲಿ ಉಳಿಯದೆ ಪಂಚಾಯಿತಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ಬರಬೇಕು. ಚಿತ್ರ ತೋರಿಸುವ ಅಂಚನ್ನು ಮಕ್ಕಳು ಏರಿಯ ಮೇಲೆ ನಡೆದು ಪರೀಕ್ಷಿಸಬೇಕು. ಹಿರಿಯರು ತಮ್ಮ ನೆನಪನ್ನು ಅದರೊಡನೆ ಹೋಲಿಸಬೇಕು. ಆಗ ಒತ್ತುವರಿ ಯಾವ ವರ್ಷ, ಯಾವ ದಿಕ್ಕಿನಿಂದ ಆರಂಭವಾಯಿತೆಂಬುದನ್ನು ಮುಚ್ಚಿಡಲು ಯಾರಿಗೂ ಸಾಧ್ಯವಾಗದು.

ನೀರುಗಂಟಿಯು ಕೆರೆಯನ್ನು ನೋಡುವುದರಲ್ಲಿಯೇ ತೃಪ್ತನಾಗುತ್ತಿರಲಿಲ್ಲ. ಏರಿ ಬಿರುಕು ಬಿಟ್ಟರೆ ಊರನ್ನು ಕೂಗಿ ಕರೆಯುತ್ತಿದ್ದನು. ನೀರು ತಗ್ಗಿದರೆ ತೂಬನ್ನು ಮುಚ್ಚುತ್ತಿದ್ದನು. ಆಕಾಶದ ನೀರುಗಂಟಿಗೆ ಕಣ್ಣಿದೆ, ನೆನಪಿದೆ. ತೂಬನ್ನು ಮುಚ್ಚುವ ಕೈಯಿಲ್ಲ. ಆ ಕೈ ಇಂದಿಗೂ ಕೆರೆಯ ಬಳಿ ಬದುಕುವ ಮನುಷ್ಯರದೇ.