ಬಾಣಂತಿಯ ನಡುಕವೆಲ್ಲ ಸನ್ನಿಯಲ್ಲ

ಹೆರಿಗೆಯಾಗಿ ಗಂಟೆ ಕಳೆದಿರೋಲ್ಲ, ಬಾಣಂತಿ ಗಡಗಡ ನಡುಗಲು ಶುರು. ಮೈ ಮುಟ್ಟಿದರೆ ಕೆಂಡ. ಜೊತೆಗಿದ್ದ ಹಿರಿಯರು ತಕ್ಷಣ ಹೇಳೋದು, 'ಸನ್ನಿ ಹಿಡೀತು!' ಗುಂಡ್ಲುಪೇಟೆ ಕಡೆಯ ಮದ್ದೂರಿನಂಥ ಕಾಡಂಚಿನ ಊರಿರಲಿ, ಮೈಸೂರಿನ ಬಡಾವಣೆಯಿರಲಿ, ಈ ಭಯ ಮಾತ್ರ ಒಂದೇ. ಆದರೆ ಗೆಳತಿಯರೇ, ಎಷ್ಟೋ ಸಲ ಅದು ಸನ್ನಿಯಲ್ಲ, ಅತಿಯಾದ ರಕ್ತಸ್ರಾವ ತಡೆಯಲು ಕೊಟ್ಟ ಔಷಧದ ಅಡ್ಡಪರಿಣಾಮ.

ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ಮಾಸು ಬಿಟ್ಟ ಜಾಗದಿಂದ ರಕ್ತ ಹರಿಯುತ್ತಲೇ ಇರುತ್ತದೆ. ಅದಕ್ಕೇ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಇದರ ತೊಂದರೆ ಕಡಿಮೆ, ಆದರೆ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಆ ಅನುಕೂಲವಿಲ್ಲದ ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವುದುಂಟು. ನಡುಕ, ಜ್ವರ, ಭೇದಿ ಬರಿಸೋದು ಹೆಚ್ಚಾಗಿ ಇದೇ.

ಈ ಮಾತ್ರೆಯ ದೊಡ್ಡ ಪರೀಕ್ಷೆಯೊಂದು ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ. 2002ರಿಂದ 2005ರವರೆಗೆ 1,620 ತಾಯಂದಿರು ಅದರಲ್ಲಿದ್ದರು. ಮಾತ್ರೆ ಕೊಟ್ಟವರು ಎಎನ್‌ಎಂ ಸಿಸ್ಟರ್‌ಗಳು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ನುಂಗಿದವರಲ್ಲಿ ಅದು ಸುಮಾರು 6ಕ್ಕಿಳಿಯಿತು. ಚಳಿಜ್ವರವೇನೋ ಇವರಲ್ಲೇ ಹೆಚ್ಚು, ಆದರೆ ಬಂದು ಹೋಗುವಂಥದ್ದು. ಆ ಹೆದರಿಕೆಗೆ 'ಮಾತ್ರೆಯೇ ಬೇಡ' ಅಂದರೆ ಜೀವಕ್ಕೇ ಕುತ್ತು.

ಹಾಗಾದರೆ ನೀವೇನು ಮಾಡಬೇಕು? ನಡುಕ ಬಂದಾಗ ನರ್ಸ್‌ಗೆ ತಿಳಿಸಿ. ತೆಳು ಹೊದಿಕೆ ಸಾಕು, ರಗ್ಗಿನ ಮೇಲೆ ರಗ್ಗು ಹೊದಿಸಬೇಡಿ. 'ಬಾಣಂತಿಗೆ ನೀರು ಕೊಡಬಾರದು' ಅನ್ನೋದನ್ನು ಬಿಟ್ಟು, ವೈದ್ಯರು ಬೇಡವೆನ್ನದಿದ್ದರೆ ಧಾರಾಳವಾಗಿ ಕುಡಿಸಿ. ಜ್ವರ ಮರುದಿನವೂ ಇಳಿಯದಿದ್ದರೆ, ಸ್ರಾವ ದುರ್ವಾಸನೆ ಬಂದರೆ ಅದು ಮಾತ್ರೆಯ ಜ್ವರವಲ್ಲ, ಸೋಂಕಿರಬಹುದು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆಂದರೆ, ತಲೆಸುತ್ತು ಬಂದರೆ ಕಾಯಲೇಬೇಡಿ. ಮನೆಗೆ ಬಂದಾಗಿದ್ದರೆ 108ಕ್ಕೆ ಫೋನ್ ಮಾಡಿ.

ಬಿ.ಪಿ., ಹೃದಯದ ತೊಂದರೆ, ಆಸ್ತಮಾ ಇದ್ದರೆ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ಹೇಳಿ. ಮೆಥರ್ಜಿನ್ ಇಂಜೆಕ್ಷನ್ ಬಿ.ಪಿ. ಏರಿಸುತ್ತದೆ, ವಾಂತಿ, ತಲೆನೋವು ತರಬಹುದು. ರಕ್ತ ನಿಲ್ಲದಾಗ ಕೊಡುವ ಕಾರ್ಬೊಪ್ರೊಸ್ಟ್ ಆಸ್ತಮಾದವರಿಗೆ ಆಗಿಬರೋಲ್ಲ. ಇವರಿಗೆಲ್ಲ ಬೇರೆ ಔಷಧಗಳಿವೆ.

'ಸ್ವಲ್ಪ ಹೊತ್ತು ನಡುಕ ಬರಬಹುದು, ಹೆದರಬೇಡಿ' ಅಂತ ಆಸ್ಪತ್ರೆಯವರು ಮೊದಲೇ ಒಂದು ಮಾತು ಹೇಳಿದರೆ ಅರ್ಧ ಗಾಬರಿ ಅಲ್ಲೇ ಕಳೆಯುತ್ತದೆ. ಅದನ್ನು ಹೇಳೋದು ಅವರ ಕರ್ತವ್ಯ. ಅವರು ಹೇಳದಿದ್ದರೆ, ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದೊಯ್ಯುವಾಗ ನೀವೇ ಕೇಳಿ: 'ಯಾವ ಔಷಧ ಕೊಡ್ತೀರಿ? ಅದರಿಂದ ಏನಾಗಬಹುದು?'