ಕೆಂಪು ಮಣಿ, ಹಸಿರು ಮಣಿ

ಮಂಡ್ಯದಲ್ಲಿಯೋ ಮದ್ದೂರಿನಲ್ಲಿಯೋ ಬೆಂಗಳೂರಿನ ರೈಲು ಹತ್ತಿದವರಿಗೆ ಚನ್ನಪಟ್ಟಣ ದಾಟಿದೊಡನೆ ರಾಮನಗರದ ಬಂಡೆಗಳು ಎದುರಾಗುತ್ತವೆ. ಮಳವಳ್ಳಿಯವರೂ ಮದ್ದೂರಿಗೆ ಬಂದರೆ ಇದೇ ದಾರಿ. ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಒಂದು ಕಾಲಕ್ಕೆ ಗೃಹಿಣಿಯರಿಗೆ ಮಣಿಸರ ಹಂಚಿದ್ದರೆಂದರೆ ವಾಚಕರು ನಂಬಲಾರರು. ಅಲಂಕಾರಕ್ಕಲ್ಲ, ಸಂತಾನ ನಿಯಂತ್ರಣಕ್ಕೆ!

ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಮೊದಲಿನಿಂದಲೂ ಮುಂದು. ಬ್ರಿಟಿಷ್ ಸರ್ಕಾರ ತನಗೇಕೆ ಈ ಗೊಡವೆಯೆಂದು ದೂರ ನಿಂತಿದ್ದಾಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಇಲ್ಲಿ 1930ರ ಜೂನ್ 11ರಂದು ಆಜ್ಞೆ ಹೊರಟಿತು. ಅದೇ ವರ್ಷದ ಕೊನೆಯ ದಿನ ರೋಮಿನ ಪೋಪ್ ಹನ್ನೊಂದನೆಯ ಪಯಸ್ಸರು ಕೃತಕ ಸಾಧನಗಳೆಲ್ಲ ಪಾಪವೆಂದು ಸಾರಿದರು. ಗಾಂಧೀಜಿಯವರಿಗೂ ಅವು ಒಪ್ಪಿಗೆಯಾಗಿರಲಿಲ್ಲ. ಸಂಯಮವೊಂದೇ ಮಾರ್ಗವೆಂಬುದು ಅವರ ನಿಲುವು.

ಸ್ವಾತಂತ್ರ್ಯಾನಂತರ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಶಿಷ್ಯೆ. ತಿಂಗಳಿನಲ್ಲಿ ಗರ್ಭ ನಿಲ್ಲಬಹುದಾದ ದಿನಗಳನ್ನು ಎಣಿಸಿ ದೂರವಿರುವ ಕ್ರಮವನ್ನು ಮಾತ್ರ ಆಕೆ ಒಪ್ಪಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ಸರೂ ಅದಕ್ಕಷ್ಟೇ ಅವಕಾಶವಿತ್ತರು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ದೆಹಲಿಯ ಲೋಧಿ ಕಾಲೋನಿ ಮತ್ತು ನಮ್ಮ ರಾಮನಗರ ಪ್ರಯೋಗಕ್ಕೆ ಆಯ್ಕೆಯಾದವು. ಇತ್ತ ಕೆಲಸ ಆರಂಭವಾಗುತ್ತಿದ್ದಂತೆಯೇ, 1952ರಲ್ಲಿ, ಐರ್ಲೆಂಡ್ ಮೊದಲಾದ ಕ್ಯಾಥೊಲಿಕ್ ದೇಶಗಳು ಸಂಸ್ಥೆಗೆ ಈ ಗೊಡವೆಯೇ ಬೇಡವೆಂದು ಪ್ರತಿಭಟಿಸಿದವು.

ಕೆಂಪು ಮಣಿಯೆಂದರೆ ಅಪಾಯದ ದಿನ, ಹಸಿರೆಂದರೆ ನಿಶ್ಚಿಂತೆ. ದಿನಕ್ಕೊಂದು ಮಣಿ ಸರಿಸಬೇಕು. ಕೇಳಲು ಸುಲಭ. ಆದರೆ ಕತ್ತಲಿನಲ್ಲಿ ಬಣ್ಣ ತಿಳಿಯದು. ಮಣಿ ಸರಿಸಲು ಮರೆತವರುಂಟು. ಮಣಿ ಸರಿಸಿದರೆ ಅದೇ ಸಾಕೆಂದು ನಂಬಿದವರೂ ಉಂಟು. ಕೊರಳಲ್ಲಿ ಧರಿಸಿದರಂತೂ ಗುಟ್ಟು ಊರಿಗೇ ರಟ್ಟು. ಅತ್ತೆ, ನಾದಿನಿಯರು ತುಂಬಿದ ಮನೆಯಲ್ಲಿ ಯಾವ ಸೊಸೆ ತಾನೆ ಅದನ್ನು ಧರಿಸಿಯಾಳು?

ಪ್ರಯೋಗ ಫಲಿಸಲಿಲ್ಲ. ಹೆಂಗಸರಿಗೆ ತಿಳಿವಳಿಕೆ ಸಾಲದೆಂದು ದೂರುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಎಣಿಸುವ ಹೊಣೆ ಹೆಂಡತಿಯದು, ಆದರೆ ಆ ರಾತ್ರಿಯ ತೀರ್ಮಾನ ಗಂಡನದು. ಕೆಂಪು ಮಣಿಯನ್ನು ತೋರಿಸಿ ‘ಇಂದು ಬೇಡಿ’ ಎನ್ನುವ ಧೈರ್ಯವನ್ನು ಯಾವ ಡಾಕ್ಟರು ತಾನೆ ದಾರದಲ್ಲಿ ಪೋಣಿಸಿ ಕೊಟ್ಟಾರು?

ಸರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅರ್ಧ ಶತಮಾನದ ತರುವಾಯ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರು ಇಂಥದೇ ಮತ್ತೊಂದನ್ನು ರೂಪಿಸಿದರು. ಅದರಲ್ಲಿ 32 ಮಣಿಗಳು. ಅಪಾಯದ ದಿನಗಳಿಗೆ ಬಿಳಿಯ ಬಣ್ಣ. ಆ ಮಣಿಗಳು ಕತ್ತಲಿನಲ್ಲಿ ಹೊಳೆಯುತ್ತವೆ.