ಹವಳದ ಮೇಲೊಂದು ಗೋಪುರ ಬೇಕಿತ್ತೆ?

2024ರ ಜುಲೈ 29ರಂದು ತೆಗೆದ ಒಂದು ಫೋಟೊ ಒಂದೆರಡು ದಿನಗಳಲ್ಲೇ ಜಗತ್ತಿನ ಮೊಬೈಲುಗಳನ್ನೆಲ್ಲ ಸುತ್ತಿ ಬಂತು. ಬ್ರೆಜಿಲಿನ ಸರ್ಫರ್ ಗೇಬ್ರಿಯಲ್ ಮೆಡಿನಾ ಗಾಳಿಯಲ್ಲಿ ನೆಟ್ಟಗೆ ನಿಂತಿದ್ದಾರೆ. ಒಂದು ತೋರುಬೆರಳು ಆಕಾಶಕ್ಕೆ. ಕಾಲಿಗೆ ಕಟ್ಟಿಕೊಂಡ ಸರ್ಫ್‌ಬೋರ್ಡ್ ಪಕ್ಕದಲ್ಲೇ, ಅವರಷ್ಟೇ ನೆಟ್ಟಗೆ ನಿಂತಿದೆ. ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರೂಯೆ ದೋಣಿಯಲ್ಲಿ ಕುಳಿತು ಕ್ಲಿಕ್ಕಿಸಿದ ಚಿತ್ರ ಅದು. ಪ್ಯಾರಿಸ್ ಒಲಿಂಪಿಕ್ಸ್ ಎಂದೊಡನೆ ಈಗಲೂ ಅನೇಕರಿಗೆ ನೆನಪಾಗುವುದು ಅದೇ, ಅದನ್ನು ತೆಗೆದದ್ದು ಪ್ಯಾರಿಸ್‌ನಿಂದ ಸುಮಾರು 15,700 ಕಿಲೋಮೀಟರ್ ದೂರದಲ್ಲಾದರೂ.

ಆ ಅಲೆಗೆ ಮೆಡಿನಾ ಅವರಿಗೆ ಸಿಕ್ಕಿದ್ದು ಹತ್ತಕ್ಕೆ 9.90. ಅಂಕ ಹಾಕಿದ ತೀರ್ಪುಗಾರರು ಕುಳಿತಿದ್ದ ಜಾಗ ಫೋಟೊದಲ್ಲಿ ಕಾಣುವುದಿಲ್ಲ. ಅದು ಹವಳದ ದಿಬ್ಬದ ಮೇಲೆ ಎಬ್ಬಿಸಿದ ಅಲ್ಯೂಮಿನಿಯಂ ಗೋಪುರ. ನಾಲ್ಕೈದು ದಿನ ನಡೆಯುವ ಆಟಕ್ಕಾಗಿ ಅದನ್ನು ಅಲ್ಲಿ ನಿಲ್ಲಿಸಬೇಕಿತ್ತೆ ಎಂಬ ಪ್ರಶ್ನೆ ಪದಕಗಳ ಗದ್ದಲದಲ್ಲಿ ಮುಚ್ಚಿಹೋಯಿತು. ಮುಚ್ಚಿಹೋಗಬಾರದಿತ್ತು.

ಊರಿನ ಹೆಸರು ತೆಆಹುಪೊಒ. ಫ್ರೆಂಚ್ ಪಾಲಿನೇಷ್ಯಾದ ಟಹೀಟಿ ದ್ವೀಪದ ನೈಋತ್ಯ ಕರಾವಳಿಯಲ್ಲಿ, ಡಾಂಬರು ರಸ್ತೆ ಮುಗಿಯುವಲ್ಲಿದೆ. ಇರುವವರು ಸಾವಿರದೈನೂರು ಜನರ ಆಸುಪಾಸು. ಮೀನುಗಾರಿಕೆ, ತೋಟ, ಮನೆಯಲ್ಲೇ ಒಂದೆರಡು ಕೋಣೆ ಬಾಡಿಗೆಗೆ, ಇಷ್ಟರಲ್ಲಿ ಬದುಕು. ದಡದಿಂದ ಅರ್ಧ ಕಿಲೋಮೀಟರ್ ಆಚೆ ಮುರಿಯುವ ಅಲೆಯೇ ಊರಿಗೆ ಹೆಸರು ತಂದದ್ದು.

ಆ ಅಲೆ ಹುಟ್ಟುವ ಬಗೆ ಗೊತ್ತಾದರೆ ಊರವರ ಸಿಟ್ಟೂ ಅರ್ಥವಾಗುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲ ತಳ ಮರಳಿನದು, ನಿಧಾನಕ್ಕೆ ಏರುತ್ತ ಬರುತ್ತದೆ. ಅಲೆಯ ಕಾಲು ತಳಕ್ಕೆ ತಾಗಿ ತಾಗಿ ಕಸುವು ಸೋರಿಹೋಗಿ, ದಡ ಮುಟ್ಟುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ತೆಆಹುಪೊಒದಲ್ಲಿ ಅಂಥ ಇಳಿಜಾರಿಲ್ಲ. ದಕ್ಷಿಣ ಸಾಗರದ ಬಿರುಗಾಳಿಗಳು ಎಬ್ಬಿಸಿದ ಉಬ್ಬಲೆ ಸಾವಿರಾರು ಕಿಲೋಮೀಟರ್ ದೂರ ಆಳದ ನೀರಿನಲ್ಲೇ ಸಾಗಿ ಬಂದು, ಗೋಡೆಯಂತೆ ಎದ್ದು ನಿಂತ ಹವಳದ ದಿಬ್ಬಕ್ಕೆ ಒಮ್ಮೆಲೇ ಬಡಿಯುತ್ತದೆ. ಅಲೆಯ ಬುಡ ತಡೆದು ನಿಲ್ಲುತ್ತದೆ, ತಲೆ ಮುಂದಕ್ಕೆ ಬೀಳುತ್ತದೆ. ದಿಬ್ಬದ ಮೇಲಿದ್ದ ತೆಳುವಾದ ನೀರನ್ನೂ ಅಲೆ ತನ್ನತ್ತ ಎಳೆದುಕೊಳ್ಳುವುದರಿಂದ, ಅದರ ಮುಂದಿನ ಕಡಲು ಸುತ್ತಲಿನ ಮಟ್ಟಕ್ಕಿಂತ ಕೆಳಗೆ ಕುಸಿದಂತೆ ಕಾಣುತ್ತದೆ. ಸರ್ಫರ್‌ಗಳು ಬ್ಯಾರೆಲ್ ಎನ್ನುವ ನೀರಿನ ಸುರಂಗ ಉಂಟಾಗುವುದು ಹೀಗೆ. ಅದರೊಳಗೆ ಹೊಕ್ಕು, ಛಾವಣಿ ಕುಸಿಯುವ ಮುನ್ನ ಹೊರಬರಬೇಕು. ತಪ್ಪಿದರೆ ಕೆಳಗಿರುವುದು ಮರಳಲ್ಲ, ಕತ್ತಿಯಂಥ ಹವಳ. 2000ನೇ ಇಸವಿಯಲ್ಲಿ ಸ್ಥಳೀಯ ಸರ್ಫರ್ ಒಬ್ಬರು ಇಲ್ಲಿಯೇ ಪೆಟ್ಟುಬಿದ್ದು ಪ್ರಾಣ ಕಳೆದುಕೊಂಡರು. ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಜೊಹಾನ್ ಡೆಫೆ ಆರಂಭದ ಸುತ್ತಿನಲ್ಲೇ ತಲೆಗೆ ಪೆಟ್ಟು ಮಾಡಿಕೊಂಡು ಹೊಲಿಗೆ ಹಾಕಿಸಿಕೊಂಡರು. ಆಮೇಲೂ ಆಡಿ ಕಂಚು ಗೆದ್ದರು.

ದಿಬ್ಬದ ಪಕ್ಕದಲ್ಲೇ ಆಳವಾದ ಒಂದು ಓಣಿಯಿದೆ. ಬೆಟ್ಟದಿಂದ ಹರಿದು ಬರುವ ಸಿಹಿನೀರು ಕಡಲು ಸೇರುವ ಕಡೆ ಹವಳ ಬೆಳೆಯುವುದಿಲ್ಲ. ಹಾಗಾಗಿಯೇ ಆ ಕಿಂಡಿ ಉಳಿದಿದೆ. ಅಲೆ ಅಲ್ಲಿಗೆ ಬಂದೊಡನೆ ಸುಮ್ಮನಾಗುತ್ತದೆ. ಪ್ರೇಕ್ಷಕರ ದೋಣಿಗಳು, ಕ್ಯಾಮೆರಾದವರು, ಕಾಪಾಡುವ ಜೆಟ್ ಸ್ಕೀಗಳು ಎಲ್ಲ ನಿಲ್ಲುವುದು ಅಲ್ಲೇ, ಅಲೆ ಮುರಿಯುವ ಜಾಗದಿಂದ ಕೂಗಳತೆಯಲ್ಲಿ. ಬೆಟ್ಟದ ಮಳೆ, ಹೊಳೆ, ಹವಳ ಇವುಗಳಲ್ಲಿ ಒಂದು ಕೆಟ್ಟರೂ ಅಲೆಯ ಆಕಾರ ಕೆಡುತ್ತದೆ.

ವೃತ್ತಿಪರ ಸ್ಪರ್ಧೆ ಇಲ್ಲಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. 2005ರಲ್ಲಿ ಕೆಲ್ಲಿ ಸ್ಲೇಟರ್ ಇದೇ ಅಲೆಯ ಮೇಲೆ ಫೈನಲ್‌ನಲ್ಲಿ ಎರಡು ಹತ್ತು ಗಳಿಸಿ ಇಪ್ಪತ್ತಕ್ಕೆ ಇಪ್ಪತ್ತು ಮಾಡಿದರು. ಐವರು ತೀರ್ಪುಗಾರರ ಅಂಕಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಬಿಟ್ಟು ಉಳಿದ ಮೂರರ ಸರಾಸರಿ; ಆಟಗಾರರ ಅತ್ಯುತ್ತಮ ಎರಡು ಅಲೆಗಳ ಮೊತ್ತ. ಲೆಕ್ಕಾಚಾರ ಇಷ್ಟೇ. ಆದರೆ ಬ್ಯಾರೆಲ್ಲಿನೊಳಗೆ ಎಷ್ಟು ಆಳಕ್ಕೆ ಹೋದರು ಎಂಬುದು ಎದುರಿನಿಂದ ನೋಡಿದರೆ ಮಾತ್ರ ತಿಳಿಯುತ್ತದೆ. ಅದಕ್ಕಾಗಿಯೇ ವರ್ಷ ವರ್ಷವೂ ದಿಬ್ಬದ ಮೇಲೆ ಮರದ ಅಟ್ಟ ಕಟ್ಟುತ್ತಿದ್ದರು, ಸ್ಪರ್ಧೆ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು. ಎರಡು ದಶಕ ಹೀಗೇ ನಡೆದಿತ್ತು, ಊರವರೂ ಒಗ್ಗಿಕೊಂಡಿದ್ದರು.

ಒಲಿಂಪಿಕ್ಸ್ ಬಂದಾಗ ಅಟ್ಟ ಸಾಲದಾಯಿತು. ಹೊಸ ಯೋಜನೆಯ ಪ್ರಕಾರ ಹದಿನಾಲ್ಕು ಟನ್ ತೂಕದ, ನಲವತ್ತು ಜನ ಹಿಡಿಸುವ ಅಲ್ಯೂಮಿನಿಯಂ ಗೋಪುರ. ಸರ್ವರ್‌ಗಳಿಗೆ ಹವಾನಿಯಂತ್ರಿತ ಕೋಣೆ, ಶೌಚಾಲಯ, ಸಮುದ್ರದ ಅಡಿಯಲ್ಲಿ ಕೇಬಲ್. ಅದಕ್ಕೆ ಅಡಿಪಾಯ ಹಾಕಲು ಹವಳವನ್ನು ಕೊರೆಯಬೇಕು. ಸುದ್ದಿ ಹೊರಬೀಳುತ್ತಲೇ 2023ರ ಅಕ್ಟೋಬರ್‌ನಲ್ಲಿ ಮೀನುಗಾರರು, ಸರ್ಫರ್‌ಗಳು, ಊರಿನ ಹಿರಿಯರು ಬೀದಿಗಿಳಿದರು. ಮುಂದೆ ನಿಂತವರಲ್ಲಿ ಒಬ್ಬರು ಅದೇ ಅಲೆಯ ಮೇಲೆ ಬೆಳೆದ ಸರ್ಫರ್ ಮಟಾಹಿ ಡ್ರೊಲೆ. ಆನ್‌ಲೈನ್ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು.

ಅವರ ಆತಂಕ ಬರೀ ಭಾವುಕತೆಯದಲ್ಲ. ಒಡೆದು ಸತ್ತ ಹವಳದ ಮೇಲೆ ವಿಷ ಉತ್ಪಾದಿಸುವ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅದನ್ನು ಸಣ್ಣ ಮೀನು ತಿಂದು, ಸಣ್ಣ ಮೀನನ್ನು ದೊಡ್ಡ ಮೀನು ತಿಂದು, ಕೊನೆಗೆ ವಿಷ ಊಟದ ತಟ್ಟೆಗೆ ಬರುತ್ತದೆ. ಸಿಗ್ವಾಟೆರಾ ಎಂಬ ಈ ಕಾಯಿಲೆ ಪಾಲಿನೇಷ್ಯಾದ ಮನೆಮನೆಗೂ ಗೊತ್ತು. ಇದೇ ಊರಿನವರು ತಮ್ಮ ಲಗೂನಿನ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ‘ರಾಹುಯಿ’ ಎಂಬ ಹಿಂದಿನ ಕಟ್ಟಳೆಯ ಪ್ರಕಾರ 2014ರಿಂದ ನಿಲ್ಲಿಸಿಕೊಂಡಿದ್ದಾರೆ. ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಲಂಗರು ಹಾಕಿ ನಿಲ್ಲುವುದನ್ನು ನೋಡಿದವರಿಗೆ ಇದರ ಹಿಂದಿನ ವಿವೇಕವನ್ನು ಬಿಡಿಸಿ ಹೇಳಬೇಕಿಲ್ಲ. ಸ್ವಂತ ಬಲೆಯನ್ನೇ ತಡೆಹಿಡಿದವರಿಗೆ ಪರವೂರಿನ ಡ್ರಿಲ್ಲಿಂಗ್ ಯಂತ್ರ ಸಹಿಸಿಕೊಳ್ಳಿ ಎನ್ನುವುದು ಯಾವ ನ್ಯಾಯ?

ಇದಕ್ಕೊಂದು ಹಳೆಯ ಗಾಯವೂ ಸೇರಿತ್ತು. 1966ರಿಂದ 1996ರವರೆಗೆ ಫ್ರಾನ್ಸ್ ಇದೇ ಪಾಲಿನೇಷ್ಯಾದ ಮೊರುರೋವಾ, ಫಂಗಟೌಫಾ ಹವಳದ್ವೀಪಗಳಲ್ಲಿ 193 ಅಣುಪರೀಕ್ಷೆ ನಡೆಸಿತು. ಆಗಲೂ ಪ್ಯಾರಿಸ್ ಹೇಳಿದ್ದು ‘ಏನೂ ಆಗುವುದಿಲ್ಲ’ ಎಂದೇ. ಆ ಮಾತನ್ನು ಎರಡನೇ ಸಲ ನಂಬುವಷ್ಟು ಮರೆವು ಟಹೀಟಿಯವರಿಗಿಲ್ಲ.

ಜನರ ಒತ್ತಡಕ್ಕೆ ಯೋಜನೆ ಸಣ್ಣದಾಯಿತು. ಹದಿನಾಲ್ಕು ಟನ್ ಒಂಬತ್ತಕ್ಕಿಳಿಯಿತು, ಒಳಗೆ ಕೂರುವವರ ಸಂಖ್ಯೆಯೂ ಇಳಿಯಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಡಿಸೆಂಬರ್ 1ರಂದು ಸಾಮಗ್ರಿ ಸಾಗಿಸುವ ಬಾರ್ಜ್‌ನ ಪ್ರಾಯೋಗಿಕ ಓಡಾಟ ನಡೆಯಿತು. ಬಾರ್ಜ್ ಹವಳಕ್ಕೆ ತಾಗಿತು, ಹವಳ ಮುರಿಯಿತು. ಊರವರು ಅದನ್ನೆಲ್ಲ ವಿಡಿಯೊ ಮಾಡಿಟ್ಟುಕೊಂಡಿದ್ದರು. ಹೋರಾಟಗಾರರು ತಿಂಗಳುಗಟ್ಟಲೆ ಹೇಳುತ್ತ ಬಂದಿದ್ದನ್ನು ಆಯೋಜಕರು ಒಂದೇ ದಿನದಲ್ಲಿ ತಾವೇ ಸಾಬೀತು ಮಾಡಿ ತೋರಿಸಿದಂತಾಯಿತು.

ಕೆಲಸ ಕೆಲಕಾಲ ನಿಂತಿತು. ಆಗ ಅಂತರರಾಷ್ಟ್ರೀಯ ಸರ್ಫಿಂಗ್ ಒಕ್ಕೂಟವೇ ಒಂದು ದಾರಿ ಸೂಚಿಸಿತು: ಹೊಸ ಗೋಪುರವೇ ಬೇಡ, ದಡ, ನೀರು ಮತ್ತು ಡ್ರೋನ್‌ಗಳಿಂದ ಚಿತ್ರೀಕರಿಸಿ, ನೇರಪ್ರಸಾರ ನೋಡಿ ತೀರ್ಪು ಕೊಡೋಣ. ಆಟದ ನಿಯಮ ಬರೆಯುವವರೇ ಗೋಪುರವಿಲ್ಲದೆ ನಡೆದೀತು ಎಂದ ಮೇಲೆ ವಾದ ಅಲ್ಲಿಗೆ ಮುಗಿಯಬೇಕಿತ್ತು. ಪಾಲಿನೇಷ್ಯಾ ಸರ್ಕಾರ ಒಪ್ಪಲಿಲ್ಲ. ಕೆಲಸ ಮುಂದುವರಿದು ಗೋಪುರ ಎದ್ದಿತು.

ಸರ್ಕಾರದ ವಾದವನ್ನೂ ಕೇಳಬೇಕು. ಹಳೆಯ ಅಟ್ಟದ ಅಡಿಪಾಯ ಸುರಕ್ಷತಾ ಪರೀಕ್ಷೆಯಲ್ಲಿ ಉಳಿಯುವಂತಿರಲಿಲ್ಲ. ವರ್ಷವೂ ನಡೆಯುವ ವೃತ್ತಿಪರ ಸ್ಪರ್ಧೆಗೂ ಹೊಸದೊಂದು ಬೇಕೇ ಬೇಕಿತ್ತು. ಸ್ಪರ್ಧೆ ತಪ್ಪಿದರೆ ಬಾಡಿಗೆ ಕೋಣೆಯವರಿಗೆ, ದೋಣಿಯವರಿಗೆ ವರ್ಷದ ಗಳಿಕೆಯೇ ಹೋಗುತ್ತದೆ. ಇದರಲ್ಲಿ ಹುರುಳಿದೆ. ಆದರೆ ತೀರ್ಪುಗಾರರು ಕೂರಲು ಗಟ್ಟಿ ಅಟ್ಟ ಬೇಕು ಎನ್ನುವುದು ಬೇರೆ, ಎಸಿ ಕೋಣೆ, ಶೌಚಾಲಯಗಳನ್ನೆಲ್ಲ ಹವಳದ ನೆತ್ತಿಯ ಮೇಲೆ ಹೊರಿಸುವುದು ಬೇರೆ. ಮೊದಲನೆಯದು ಆಟದ ಅಗತ್ಯ, ಎರಡನೆಯದು ಒಲಿಂಪಿಕ್ಸ್ ಎಂಬ ಹಮ್ಮಿನ ಅಗತ್ಯ.

ಆಯೋಜಕರು ಬಗ್ಗಿದ ಕಡೆ ಅವರನ್ನು ಮೆಚ್ಚಬೇಕು. ನಲವತ್ತೆಂಟು ಸರ್ಫರ್‌ಗಳಿಗಾಗಿ ದಡದಲ್ಲಿ ಕ್ರೀಡಾಗ್ರಾಮ ಕಟ್ಟಲಿಲ್ಲ. ಸರಕನ್ನೂ ಪ್ರಯಾಣಿಕರನ್ನೂ ಒಯ್ಯುವ ‘ಅರನುಯಿ 5’ ಎಂಬ ಹಡಗನ್ನೇ ತಂದು ನಿಲ್ಲಿಸಿ ಅದರಲ್ಲಿ ಉಳಿಸಿದರು. ಆಟ ಮುಗಿಯಿತು, ಹಡಗು ತನ್ನ ದಾರಿ ಹಿಡಿಯಿತು. ವಸತಿಗೆ ಹೊಳೆದ ಈ ಉಪಾಯ ತೀರ್ಪುಗಾರರ ವಿಷಯದಲ್ಲಿ ಹೊಳೆಯದೆ ಹೋದದ್ದು ಹೇಗೆ?

ಊರಿನ ಮಾತಿಗೆ ಕಿವಿಗೊಡದ ಚಾಳಿ ವೃತ್ತಿಪರ ಸರ್ಫಿಂಗ್‌ಗೂ ಹೊಸದಲ್ಲ. 2006ರ ನಂತರ ಈ ಅಲೆ ಅಪಾಯಕಾರಿ ಎಂದು ಮಹಿಳೆಯರ ಸ್ಪರ್ಧೆಯನ್ನೇ ಇಲ್ಲಿಂದ ಎತ್ತಿಹಾಕಿದ್ದರು. ಮತ್ತೆ ಬಂದದ್ದು 2022ರಲ್ಲಿ. ಅಷ್ಟೂ ವರ್ಷ ಹೆಣ್ಣುಮಕ್ಕಳು ಸ್ಪರ್ಧೆಯ ಹಂಗಿಲ್ಲದೆ ಇಲ್ಲಿ ಸರ್ಫ್ ಮಾಡುತ್ತಲೇ ಇದ್ದರು. 2024ರ ಮೇ ತಿಂಗಳಲ್ಲಿ ಪಾಲಿನೇಷ್ಯಾದವರೇ ಆದ ವಹೀನೆ ಫಿಯೆರೊ ವೈಲ್ಡ್ ಕಾರ್ಡ್ ಪ್ರವೇಶ ಪಡೆದು, ವಿಶ್ವ ಪ್ರವಾಸದ ಘಟಾನುಘಟಿಗಳನ್ನೆಲ್ಲ ಸೋಲಿಸಿ ಇದೇ ಅಲೆಯ ಮೇಲೆ ಟಹೀಟಿ ಪ್ರೊ ಗೆದ್ದರು.

ಆಗಸ್ಟ್ 5ರ ಒಲಿಂಪಿಕ್ ಫೈನಲ್ ದಿನ ಕಡಲು ಯಾರ ಮುಲಾಜನ್ನೂ ನೋಡಲಿಲ್ಲ. ಸೆಮಿಫೈನಲ್‌ನಲ್ಲಿ ಮೆಡಿನಾ ಎರಡನೇ ಅಲೆಗಾಗಿ ಕಾದು ಕಾದು ಸೋತರು. ಅವರನ್ನು ಸೋಲಿಸಿದ ಆಸ್ಟ್ರೇಲಿಯಾದ ಜ್ಯಾಕ್ ರಾಬಿನ್ಸನ್ ಫೈನಲ್‌ನಲ್ಲಿ ಅದೇ ಗತಿಗೆ ಬಂದರು: ಒಂದು ಅಲೆಗೆ 7.83, ಆಮೇಲೆ ಬರೀ ಕಾಯುವಿಕೆ. ಎದುರಿಗಿದ್ದ ಕೌಲಿ ವಾಸ್ಟ್ ಆರಂಭದಲ್ಲೇ ಬಂದ ಅಲೆಗಳನ್ನು ಬಿಡದೆ ಹಿಡಿದು 17.67 ಗಳಿಸಿ ಚಿನ್ನ ಗೆದ್ದರು. ಇಪ್ಪತ್ತೆರಡರ ಈ ಹುಡುಗ ಟಹೀಟಿಯವರು, ಎಂಟರ ವಯಸ್ಸಿನಿಂದ ಇದೇ ದಿಬ್ಬದ ಮೇಲೆ ಆಡಿ ಬೆಳೆದವರು. ಮಹಿಳೆಯರ ಚಿನ್ನ ಅಮೆರಿಕದ ಕ್ಯಾರೊಲಿನ್ ಮಾರ್ಕ್ಸ್ ಅವರಿಗೆ, ಕೇವಲ 0.17 ಅಂಕದ ಅಂತರದಲ್ಲಿ.

ಇಷ್ಟು ದೂರದ ಊರಿನ ಜಗಳ ಕನ್ನಡದ ಓದುಗರಿಗೆ ಯಾಕೆ ಎಂದರೆ, ದೇಶದ ಸರ್ಫಿಂಗ್ ಬೇರು ಬಿಟ್ಟ ಜಾಗಗಳಲ್ಲಿ ಮುಲ್ಕಿಯೂ ಒಂದು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ, ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಅಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲಿ ನಡೆದದ್ದು ಪಕ್ಕದ ಸಸಿಹಿತ್ಲಿನಲ್ಲಿ, 2024ರಲ್ಲಿ ಮತ್ತೆ ಅಲ್ಲೇ. 2025ರಲ್ಲಿ ಕರ್ನಾಟಕದ ರಮೇಶ್ ಬೂದಿಹಾಳ ಮಹಾಬಲಿಪುರಂನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಕಂಚು ಗೆದ್ದಿದ್ದಾರೆ. ಇನ್ನು ಮುಂದೆ ಸ್ಪರ್ಧೆಗಳು ಹೆಚ್ಚುತ್ತವೆ, ಹೆಚ್ಚಲೂ ಬೇಕು.

ಸಸಿಹಿತ್ಲಿನಲ್ಲಿ ಹವಳವಿಲ್ಲ ನಿಜ. ಇರುವುದು ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ. ಅಳಿವೆಯ ಮರಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ, ಅಲೆಯೂ ಅದರ ಜೊತೆಗೇ. ಕಡಲ್ಕೊರೆತಕ್ಕೆ ಈಗಾಗಲೇ ನಲುಗಿರುವ ಆ ದಡದಲ್ಲಿ ಕ್ರೀಡೆ, ಪ್ರವಾಸೋದ್ಯಮದ ಹೆಸರಿನಲ್ಲಿ ಕಾಂಕ್ರೀಟ್ ಸುರಿದರೆ ಅಲೆಗೂ ಕುತ್ತು, ಮೀನುಗಾರರಿಗೂ ಕುತ್ತು. ಆದ್ದರಿಂದ ಕರಾವಳಿಗೆ ಮುಂದಿನ ದೊಡ್ಡ ಸ್ಪರ್ಧೆ ತರುವ ಮೊದಲು ಸರ್ಕಾರ ಮತ್ತು ಆಯೋಜಕರು ಎರಡು ಮಾತು ಬರವಣಿಗೆಯಲ್ಲಿ ಕೊಡಲಿ: ಕಟ್ಟುವುದೆಲ್ಲವನ್ನೂ ಆಟ ಮುಗಿದ ವಾರದಲ್ಲಿ ಬಿಚ್ಚಿ ಒಯ್ಯುತ್ತೇವೆ, ನಕ್ಷೆ ಬರೆಯುವ ಮೊದಲೇ ಆ ದಡದ ಮೀನುಗಾರರನ್ನು ಕೂರಿಸಿಕೊಂಡು ಕೇಳುತ್ತೇವೆ.